ಬೇಡುವ ಕೆಲಸದ ಜ್ಯೋತ್ಸ್ನಾ

ಜ್ಯೋತ್ಸ್ನಾಳ ಕೆಲಸ ಏನು ಎಂದು ಮುಂಬೈ ಹೊರವಲಯದ ಡೊಂಬಿವಲಿಯ ಅವಳ ಬಿಲ್ಡಿಂಗಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೆಳಗಿನ ಮನೆಯವರು ಅವಳನ್ನು ಪ್ರೊಫೆಸರ್ ಎಂದುಕೊಂಡಿದ್ದರು. ಸ್ವಂತ ತಾಯಿಯೇ ಉಡುಪಿಯ ನೆಂಟರ ಮುಂದೆ "ಯೂನಿವರ್ಸಿಟಿಯಲ್ಲಿ ದೊಡ್ಡ ಪೋಸ್ಟು" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು. ವಿಸಿಟಿಂಗ್ ಕಾರ್ಡಿನಲ್ಲಿ 'ಹೆಡ್, ಮೇಜರ್ ಗಿಫ್ಟ್ಸ್ ಆ್ಯಂಡ್ ಪ್ಲ್ಯಾನ್ಡ್ ಗಿವಿಂಗ್' ಎಂದಿತ್ತು. ಬಿಡಿಸಿ ಹೇಳುವುದಾದರೆ, ಉಳ್ಳವರ ಮನೆಗೆ ಹೋಗಿ ವಿಶ್ವವಿದ್ಯಾಲಯಕ್ಕೆ ದೊಡ್ಡ ದೇಣಿಗೆ ಕೇಳುವುದು. ಈಗ ಕೊಡಲಾಗದವರಿಂದ, ನಮ್ಮ ಕಾಲಾನಂತರ ಇಂತಿಂಥದ್ದು ನಿಮಗೆ ಎಂದು ವಿಲ್‌ನಲ್ಲಿ ಬರೆಸುವುದು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ದೂರದ ಮಾವನೊಬ್ಬರು ಇದನ್ನೆಲ್ಲ ಕೇಳಿ, "ಅಂದ್ರೆ ಬೇಡುವ ಕೆಲಸ ಅಂತಾಯ್ತು" ಎಂದು ಎಲ್ಲರಿಗೂ ಕೇಳುವಂತೆ ನಕ್ಕರು.

"ಹೌದು ಮಾವ, ಬೇಡುವುದೇ. ನಿಮ್ಮತ್ರ ಎಷ್ಟುಂಟು ಹೇಳಿ, ನಾಳೆ ಬೆಳಿಗ್ಗೆ ಬರ್ತೇನೆ" ಎಂದಳು ಜ್ಯೋತ್ಸ್ನಾ. ಮಾವ ಪಾಯಸಕ್ಕೂ ಕಾಯದೆ ಕೈ ತೊಳೆಯಲು ಹೋದರು.

ಅವಳು ಹೀಗೆಯೇ. ಅಪ್ಪ ಕಾಪು ಕಡೆಯಿಂದ ಬಂದು ಕಲ್ಯಾಣದ ಒಂದು ವೆಜಿಟೇರಿಯನ್ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತವರು. ಮಗಳು ಬಿ.ಕಾಂ. ಮುಗಿಸಿ ಇಪ್ಪತ್ತಮೂರನೇ ವಯಸ್ಸಿಗೆ ಬೇಲಾಪುರದ ಈ ವಿಶ್ವವಿದ್ಯಾಲಯಕ್ಕೆ ಕ್ಲರ್ಕ್ ಆಗಿ ಸೇರಿದಳು. ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ಹೇಳಿದರೆ ಅವರು ಈ ಬರಹಕ್ಕೂ ಒಬ್ಬ ಪ್ರಾಯೋಜಕನನ್ನು ಹುಡುಕಿ ತಂದಾರು. ಹಳೆಯ ವಿದ್ಯಾರ್ಥಿಗಳಿಗೆ ಫೋನು ಮಾಡಿ ಸಂಘದ ವಂತಿಗೆ ಕೇಳುವುದು ಆಗ ಅವಳ ಕೆಲಸ. ದಿನಕ್ಕೆ ನಲವತ್ತು ಫೋನು, ಅದರಲ್ಲಿ ಮೂವತ್ತೈದು ಜನ ಅರ್ಧಕ್ಕೇ ಇಟ್ಟುಬಿಡುತ್ತಿದ್ದರು. ಉಳಿದ ಐವರಿಂದ ಅವಳು ಕೆಲಸ ಕಲಿತಳು. ಯಾರಿಗೂ ಮೊದಲ ಭೇಟಿಯಲ್ಲಿ ಏನನ್ನೂ ಕೇಳಬಾರದು. ಕೇಳುವಾಗ ಸುತ್ತುಬಳಸು ಇಲ್ಲದೆ ಇಷ್ಟು ಎಂದು ಕೇಳಬೇಕು. ಕೊಡುವವರು ತಮ್ಮ ಮನಸ್ಸಿನಲ್ಲಿರುವುದನ್ನು ಹೇಳಿ ಮುಗಿಸುವವರೆಗೆ ಕಾಯುವ ತಾಳ್ಮೆ ಇರಬೇಕು; ಅದಕ್ಕೆ ಒಮ್ಮೊಮ್ಮೆ ಎರಡು ವರ್ಷ ಹಿಡಿಯುತ್ತದೆ. ಅಂಬರನಾಥದ ಒಬ್ಬ ಕಾರ್ಖಾನೆಯ ಮಾಲೀಕ ಹದಿನಾರು ಭೇಟಿಯಾದ ಮೇಲೆ ಲ್ಯಾಬೊರೇಟರಿ ಕಟ್ಟಿಸಿಕೊಟ್ಟ. ಹದಿನೈದು ಭೇಟಿಗಳಲ್ಲಿ ಅವನು ಮಾತಾಡಿದ್ದು ತನ್ನ ಮಂಡಿನೋವಿನ ಬಗ್ಗೆ ಮಾತ್ರ.

ನಲವತ್ತಾರಕ್ಕೆ ಬರುವಷ್ಟರಲ್ಲಿ ಅವಳು ವಿಭಾಗದ ಮುಖ್ಯಸ್ಥೆ. ಹಾಗೆಂದು ಕಾರು, ಡ್ರೈವರ್ ಎಂದು ಭಾವಿಸಬೇಡಿ. ಬೆಳಿಗ್ಗೆ ಏಳೂವರೆಗೆ ಡೊಂಬಿವಲಿಯಲ್ಲಿ ಲೋಕಲ್ ಗಾಡಿಯ ಲೇಡೀಸ್ ಡಬ್ಬಾಕ್ಕೆ ನುಗ್ಗಿ, ಠಾಣೆಯಲ್ಲಿ ಇಳಿದು, ಅಲ್ಲಿಂದ ಪನ್ವೇಲ್ ಗಾಡಿ ಹಿಡಿದು ಬೇಲಾಪುರ. ಕೋಟಿಗಟ್ಟಲೆ ದೇಣಿಗೆಯ ಕಾಗದಪತ್ರಗಳು ಎಷ್ಟೋ ಸಲ ಅವಳ ಟಿಫಿನ್ ಡಬ್ಬಿಯ ಜೊತೆಗೇ ಆ ಗಾಡಿಯಲ್ಲಿ ಹೋಗಿವೆ.

ಇಷ್ಟು ವರ್ಷಗಳಲ್ಲಿ ಅವಳು ಒಂದೇ ಒಂದು ದೊಡ್ಡ ತಪ್ಪು ಮಾಡಿದ್ದಳು. ಚಂದ್ರಬಾಯಿ ಟೀಚರ್ ಎಂಬ ನಿವೃತ್ತ ಶಿಕ್ಷಕಿ, ಒಂಟಿ ಜೀವ, ಅಂಬರನಾಥದ ತಮ್ಮ ಫ್ಲ್ಯಾಟನ್ನು ವಿಶ್ವವಿದ್ಯಾಲಯಕ್ಕೆ ದಾನಪತ್ರ ಮಾಡಿಕೊಟ್ಟರು. 'ನಿಮ್ಮ ಜೀವ ಇರುವವರೆಗೆ ನೀವು ಅಲ್ಲೇ ಇರಬಹುದು' ಎಂದು ಜ್ಯೋತ್ಸ್ನಾ ಚೆಂದದ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆದುಕೊಟ್ಟಳು. ಆದರೆ ಆ ಮಾತು ರಿಜಿಸ್ಟರ್ ಆದ ದಾನಪತ್ರದೊಳಗೆ ಇರಲಿಲ್ಲ. ಮೂರು ವರ್ಷ ಕಳೆದು ಆ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ, ಎಂದರೆ ಕೆಡವಿ ಹೊಸದಾಗಿ ಕಟ್ಟಲು, ಹೋದಾಗ ವಿಶ್ವವಿದ್ಯಾಲಯದ ಎಸ್ಟೇಟ್ ವಿಭಾಗದವರು ಮನೆ ಖಾಲಿ ಮಾಡಿ ಎಂದು ಟೀಚರಿಗೆ ನೋಟಿಸು ಕಳಿಸಿದರು. ಜ್ಯೋತ್ಸ್ನಾ ಪತ್ರದ ಪ್ರತಿ ಹಿಡಿದು ಟೇಬಲಿಂದ ಟೇಬಲಿಗೆ ಓಡಿದಳು. ಪತ್ರ ಎಲ್ಲರಿಗೂ ಇಷ್ಟವಾಯಿತು, ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಟೀಚರ್ ಬದ್ಲಾಪುರದಲ್ಲಿ ತಂಗಿಯ ಮಗಳ ಮನೆಯ ಹಾಲಿನಲ್ಲಿ ಒಂದು ಮಂಚಕ್ಕೆ ಬಂದು ನಿಂತರು. ಅವರು ಜ್ಯೋತ್ಸ್ನಾಳನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಇಂಥ ಸಮಯದಲ್ಲಿ ಸರ್ವೋತ್ತಮ ರಾಯರು ಬಂದರು.

ರಾಯರು ಕಲ್ಯಾಣ ಸ್ಟೇಶನ್ನಿನ ಹತ್ತಿರ ನಾಲ್ಕು ದಶಕ ಹೋಟೆಲು ನಡೆಸಿದವರು. ಮಕ್ಕಳಿಲ್ಲ. ಎಪ್ಪತ್ತಾರನೇ ವಯಸ್ಸಿನಲ್ಲಿ ಹೋಟೆಲು ಮುಚ್ಚಿ, ಆ ಜಾಗವನ್ನು ಒಂದು ಮೆಡಿಕಲ್ ಸ್ಟೋರ್‌ಗೆ ಬಾಡಿಗೆಗೆ ಕೊಟ್ಟು, ಹೆಂಡತಿ ಜಯಲತಾ ಅಮ್ಮನ ಜೊತೆ ಠಾಣೆಯ ನೌಪಾಡಾದ ಹಳೆಯ ಫ್ಲ್ಯಾಟಿನಲ್ಲಿ ಇದ್ದರು. ಪರೀಕ್ಷೆಯ ದಿನಗಳಲ್ಲಿ ಕಾಲೇಜಿನವರು ಅವರ ಹೋಟೆಲಿನಲ್ಲಿ ಅರ್ಧ ಚಹಾ ಮುಂದಿಟ್ಟುಕೊಂಡು ಮೂರು ಮೂರು ತಾಸು ಓದುತ್ತಿದ್ದರಂತೆ. ಅವರನ್ನು ಎಬ್ಬಿಸಬೇಡಿ ಎಂದು ರಾಯರು ಸಪ್ಲೈಯರ್‌ಗಳಿಗೆ ತಾಕೀತು ಮಾಡಿದ್ದರು. ತಾವು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಓದುವವರಿಗೊಂದು ಹಾಲ್ ಕಟ್ಟಿಸಬೇಕೆಂಬುದು ಅವರ ಒಂದೇ ಆಸೆ.

ಜ್ಯೋತ್ಸ್ನಾ ಒಂದೂವರೆ ವರ್ಷ ಅವರ ಮನೆಗೆ ಹೋಗಿಬಂದಳು. ಪ್ರತಿ ಸಲವೂ ಜಯಲತಾ ಅಮ್ಮ ಕಾಫಿ, ಅವಲಕ್ಕಿ ತಂದಿಟ್ಟು ಒಳಗೆ ಹೋಗುತ್ತಿದ್ದರು. "ಕೂತ್ಕೊಳ್ಳಿ ಅಮ್ಮ" ಎಂದರೆ "ಅವ್ರು ಹೇಳಿದ ಹಾಗೆ" ಎನ್ನುತ್ತಿದ್ದರು. ಜ್ಯೋತ್ಸ್ನಾ ಹಾಕಿಕೊಟ್ಟ ಯೋಜನೆ ಸರಳವಾಗಿತ್ತು: ಹೋಟೆಲಿದ್ದ ಕಲ್ಯಾಣದ ಅಂಗಡಿ ಈಗಲೇ ವಿಶ್ವವಿದ್ಯಾಲಯಕ್ಕೆ, ಮನೆ ಮಾತ್ರ ಇಬ್ಬರ ಕಾಲಾನಂತರ, ವಿಲ್‌ನಲ್ಲಿ ಬರೆದು.

ರಾಯರು ವಿಲ್ ಎಂಬ ಮಾತಿಗೇ ಕೈ ಕೊಡವಿದರು.

"ಸತ್ತ ಮೇಲೆ ಕೊಡುವುದು ಎಂತ ದಾನ ಮಾರಾಯ್ತಿ? ಅದು ಕೈಯಿಂದ ಜಾರಿದ್ದು. ಕೊಡುವುದಾದ್ರೆ ಇದ್ದಾಗಲೇ, ತುಳಸಿ ನೀರು ಬಿಟ್ಟು, ಧಾರೆ ಎರೆದು ಕೊಡ್ಬೇಕು. ಅಂಗಡಿ, ಮನೆ, ಎಲ್ಲ ಒಟ್ಟಿಗೆ. ಇದು ಸ್ವಲ್ಪ ನನ್ನತ್ರ ಇರ್ಲಿ, ಅದು ಆಮೇಲೆ ಅಂತ ಹೇಳಿದ್ರೆ ದಾನ ಆಗುದಿಲ್ಲ."

"ಮತ್ತೆ ನೀವಿಬ್ಬರು ಎಲ್ಲಿರುವುದು ರಾಯರೇ?"

"ಇಲ್ಲಿಯೇ. ನಿಮ್ಮ ಸಂದೇಶ್ ಸರ್ ಮಾತು ಕೊಟ್ಟಿದ್ದಾರಲ್ಲ. ಮತ್ತೆ ಸೊಸೈಟಿಯಲ್ಲಿ ನಾಮಿನಿ ಇವಳೇ. ನಾನು ಹೋದ್ರೂ ಇವಳನ್ನು ಯಾರೂ ಮುಟ್ಲಿಕ್ಕಾಗುದಿಲ್ಲ."

ಈ ಊರಿನ ಹೌಸಿಂಗ್ ಸೊಸೈಟಿಗಳಲ್ಲಿ ಬಾಳಿದ ಎಷ್ಟೋ ಜನ ಮಾಡುವ ತಪ್ಪೇ ಇದು. ನಾಮಿನೇಷನ್ ಫಾರಂ ತುಂಬಿದರೆ ಸಾಕು, ಮನೆ ಹೆಂಡತಿಗೆ ಎಂದು ನಂಬಿ ನಿಶ್ಚಿಂತರಾಗುತ್ತಾರೆ. ಮನೆಯನ್ನೇ ಬೇರೆಯವರಿಗೆ ದಾನ ಮಾಡಿದ ಮೇಲೆ ಆ ಫಾರಂ ವಡಾ ಕಟ್ಟಲಿಕ್ಕೂ ಬಾರದು ಎಂದು ಅವಳು ಮೂರು ಸಲ ಬಿಡಿಸಿ ಹೇಳಿದಳು. ರಾಯರು ನಕ್ಕು ಅವಲಕ್ಕಿಯ ಬಟ್ಟಲನ್ನು ಅವಳ ಕಡೆ ಸರಿಸಿದರು.

ಸಂದೇಶ್ ಸರ್ ಎಂದರೆ ವಿಶ್ವವಿದ್ಯಾಲಯದ ಡೈರೆಕ್ಟರ್, ಜ್ಯೋತ್ಸ್ನಾಳ ಮೇಲಿನವನು. ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ಮಂಗಳೂರಿನ ಮೂಲ, ಹುಟ್ಟಿದ್ದು ವಾಶಿಯಲ್ಲಿ. ರಾಯರಿಗೆ ನೇರವಾಗಿ ಫೋನು ಮಾಡಿ 'ನಿಮ್ಮ ಸಂಪ್ರದಾಯದ ಪ್ರಕಾರವೇ ಮಾಡೋಣ' ಎಂದು ಮಾತು ಕೊಟ್ಟವನು ಅವನೇ. ನೌಪಾಡಾದ ಆ ಬಿಲ್ಡಿಂಗ್ ಕೂಡ ಬೇಗನೆ ರೀಡೆವಲಪ್‌ಮೆಂಟಿಗೆ ಹೋಗಲಿದೆ ಎಂಬುದು ಅವನಿಗೆ ಗೊತ್ತಿತ್ತು.

"ಸರ್, ಇಬ್ಬರೂ ಬದುಕಿರುವವರೆಗೆ ಆ ಮನೆಯಲ್ಲಿ ಇರುವ ಹಕ್ಕು ಅವರದ್ದೇ ಅಂತ ದಾನಪತ್ರದಲ್ಲಿ ಒಂದು ಸಾಲು ಹಾಕಿಸಿ. ನಾಳೆಯೇ ಒಪ್ಪಿಗೆಯ ಫಾರಮ್ಮಿಗೆ ಸಹಿ ಮಾಡ್ತೇನೆ" ಎಂದಳು ಜ್ಯೋತ್ಸ್ನಾ.

"ಆ ಸಾಲು ಇದ್ರೆ ಟೈಟಲ್ ಕ್ಲಿಯರ್ ಇರೋದಿಲ್ಲ, ಬಿಲ್ಡರ್ ಕಿರಿಕಿರಿ ಮಾಡ್ತಾನೆ. ನಾವೇನು ಅವರನ್ನು ರೋಡಿಗೆ ಹಾಕ್ತೀವಾ? ಟ್ರಸ್ಟ್ ಮಿ."

"ಚಂದ್ರಬಾಯಿ ಟೀಚರ್ ಕೂಡ ಟ್ರಸ್ಟ್ ಮಾಡಿದ್ರು ಸರ್."

ಸಂದೇಶ ಮೊಬೈಲಿನಿಂದ ಮುಖ ಎತ್ತಿದ. "ಮಾರ್ಚ್ ಒಳಗೆ ಕ್ಯಾಂಪೇನ್ ಕ್ಲೋಸ್ ಆಗ್ಬೇಕು. ಇದೊಂದು ಗಿಫ್ಟ್ ಬಂದ್ರೆ ನಮ್ಮ ಟಾರ್ಗೆಟ್ ಪೂರಾ. ಬರದಿದ್ರೆ ಏಪ್ರಿಲ್‌ನಲ್ಲಿ ನಿಮ್ಮ ಕುರ್ಚಿ ಬಗ್ಗೆ ನಾನು ಯೋಚನೆ ಮಾಡ್ಬೇಕಾಗ್ತದೆ."

'ದಾನಿಗಳಿಗೆ ಎಲ್ಲ ಪರಿಣಾಮಗಳನ್ನೂ ತಿಳಿಸಿ ಅವರ ಪೂರ್ಣ ಒಪ್ಪಿಗೆ ಪಡೆದಿದ್ದೇನೆ' ಎಂಬ ಒಂದು ಫಾರಮ್ಮಿಗೆ ಮುಖ್ಯಸ್ಥೆ ಸಹಿ ಹಾಕುವುದು ಅಲ್ಲಿನ ನಿಯಮ. ಸಹಾಯಕಿ ದಾನೇಶ್ವರಿ, ಕಲಬುರಗಿ ಕಡೆಯವಳು, ಆ ಫಾರಂ ತಂದು ಟೇಬಲಿನ ಮೇಲಿಟ್ಟಳು. "ಮೇಡಂ, ಸರ್ ಎರಡ ಸಲ ಕೇಳ್ಯಾರ. ಹಾಕಿಬಿಡ್ರಿ, ಸುಮ್ನ ಯಾಕ ತ್ರಾಸು?"

ಜ್ಯೋತ್ಸ್ನಾ ಪೆನ್ನು ತೆಗೆದು, ಸಹಿಯ ಜಾಗದಲ್ಲಿ 'ಜಯಲತಾ ಅವರನ್ನು ಯಾರೂ ಕೇಳಿಲ್ಲ' ಎಂದು ಬರೆದು ಫಾರಂ ವಾಪಸು ಕಳಿಸಿದಳು. ಸಂದೇಶ ಅದನ್ನು ಹರಿದು ಇನ್ನೊಂದಕ್ಕೆ ತಾನೇ ಸಹಿ ಹಾಕಿದ.

ಮನೆಯಲ್ಲಿ ಮಗಳು ನಿಶಾ ಕನ್ನಡದಲ್ಲಿ ಎಲ್ಲ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಟ್ಟಳು: "ಮಮ್ಮಿ, ಛೋಡೋ ನಾ. ಉನಕಾ ಘರ್ ಹೈ, ಉನಕೀ ಮರ್ಜೀ."

"ಬಿಡುವುದು ಹೇಗೆ? ಅವರ ಮನೆ, ಅವರಿಷ್ಟ ಅಂತೀಯಲ್ಲ, ಅವರ ಮನೆ ಅಂದ್ರೆ ಯಾರದ್ದು? ಅದೇ ಈಗ ಪ್ರಶ್ನೆ ಇರುವುದು" ಎಂದು ಜ್ಯೋತ್ಸ್ನಾ ಮಗಳ ಮೇಲೇ ರೇಗಿದಳು. ನಿಜಕ್ಕೂ ಅವಳಿಗೆ ಸಿಟ್ಟು ಬಂದದ್ದು ತನ್ನ ಮೇಲೆ. ಒಂದೂವರೆ ವರ್ಷ ಆ ಹೆಂಗಸು ಕೊಟ್ಟ ಕಾಫಿ ಕುಡಿದು, ಒಮ್ಮೆಯೂ ಒಳಗೆ ಹೋಗಿ ಮಾತಾಡಿಸಿರಲಿಲ್ಲವಲ್ಲ.

ಮರುದಿನ ರಾಯರು ಬ್ಯಾಂಕಿಗೆ ಹೋಗುವ ಹೊತ್ತು ನೋಡಿಕೊಂಡೇ ಅವಳು ನೌಪಾಡಾಕ್ಕೆ ಹೋದಳು. ನೇರ ಅಡುಗೆಮನೆಗೆ ನಡೆದಳು. ಜಯಲತಾ ಅಮ್ಮ ಸೌತೆಕಾಯಿ ಹೆಚ್ಚುತ್ತಿದ್ದರು. ಜ್ಯೋತ್ಸ್ನಾ ಚಂದ್ರಬಾಯಿ ಟೀಚರ ಕಥೆಯನ್ನು, ತನ್ನ ಪತ್ರವನ್ನು, ಬದ್ಲಾಪುರದ ಮಂಚವನ್ನು, ಏನನ್ನೂ ಬಿಡದೆ ಹೇಳಿದಳು. ತನ್ನದೇ ತಪ್ಪು ಎಂದೂ ಹೇಳಿದಳು.

ಜಯಲತಾ ಅಮ್ಮ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಇದನ್ನೆಲ್ಲ ನನ್ನತ್ರ ಯಾಕೆ ಹೇಳುದು? ಮನೆ ಅವರ ಹೆಸರಲ್ಲುಂಟು. ನನ್ನ ಸಹಿ ಬೇಡ ಅಂತ ವಕೀಲ್ರು ಹೇಳಿದ್ದಾರೆ."

"ಸಹಿ ಬೇಡ ಅಮ್ಮ. ಆದ್ರೆ ಧಾರೆಯ ನೀರು ಯಾರು ಎರೆಯುವುದು?"

ಇದು ಕರಾವಳಿಯ ಯಾವ ಮನೆಯಲ್ಲೂ ಕೇಳಬೇಕಾದ ಪ್ರಶ್ನೆಯಲ್ಲ. ಗಂಡ ತುಳಸಿ ಹಿಡಿದು ಅಂಗೈ ಚಾಚುತ್ತಾನೆ. ಹೆಂಡತಿ ಗಿಂಡಿಯಿಂದ ಆ ಕೈಯ ಮೇಲೆ ನೀರು ಬಿಡುತ್ತಾಳೆ. ಅವಳು ಬಿಡದಿದ್ದರೆ ದಾನವಿಲ್ಲ. ಜಯಲತಾ ಅಮ್ಮನ ಚಾಕು ನಿಂತಿತು. ಅವರು ಜ್ಯೋತ್ಸ್ನಾಳ ಮುಖವನ್ನು ಮೊದಲ ಸಲವೆಂಬಂತೆ ನೋಡಿದರು.

"ಐವತ್ತೊಂದು ವರ್ಷ ಆಯ್ತು ಮದುವೆಯಾಗಿ. ಎಷ್ಟು ದಾನಕ್ಕೆ ನೀರು ಬಿಟ್ಟಿದ್ದೇನೋ ಲೆಕ್ಕ ಇಲ್ಲ. ಬಿಡ್ಲಾ ಬೇಡ್ವಾ ಅಂತ ಯಾರೂ ಕೇಳಿಲ್ಲ."

"ನಾನೂ ಕೇಳಿಲ್ಲ ಅಮ್ಮ. ಅದಕ್ಕೇ ಬಂದದ್ದು. ಬಿಡಿ ಅಂತಲೂ ಹೇಳುವುದಿಲ್ಲ, ಬಿಡ್ಬೇಡಿ ಅಂತಲೂ ಹೇಳುವುದಿಲ್ಲ."

ಕಾರ್ಯಕ್ರಮ ಮಾರ್ಚ್ ಮೂರನೇ ವಾರ, ವಿಶ್ವವಿದ್ಯಾಲಯದ ಸಭಾಂಗಣದಲ್ಲಿ. ದಾನಪತ್ರದ ರಿಜಿಸ್ಟ್ರೇಷನ್ ಮರುದಿನಕ್ಕೆ. ಜ್ಯೋತ್ಸ್ನಾಳಿಗೆ ವೇದಿಕೆಯ ಮೇಲೆ ಜಾಗವಿರಲಿಲ್ಲ; ಮೂರನೇ ಸಾಲಿನ ಕೊನೆಯ ಕುರ್ಚಿ. ಟ್ರಸ್ಟಿಗಳು, ಫೋಟೊದವರು, ಭಟ್ಟರು, ಝಗಝಗಿಸುವ ಬ್ಯಾನರ್. ಸಂದೇಶ ಜರಿ ಶಲ್ಯ ಹೊದ್ದು ಕೈ ಚಾಚಿ ನಿಂತಿದ್ದ. ರಾಯರು ರೇಷ್ಮೆ ಪಂಚೆಯುಟ್ಟು, ಬಲಗೈಯಲ್ಲಿ ತುಳಸಿದಳ ಇಟ್ಟುಕೊಂಡಿದ್ದರು. ಅವರ ಮುಖದಲ್ಲಿ ಅಂಥ ಸಂತೋಷ ಜ್ಯೋತ್ಸ್ನಾ ಹಿಂದೆ ಕಂಡಿರಲಿಲ್ಲ, ಅದನ್ನು ನೋಡಿ ಅವಳಿಗೆ ಸಂಕಟವಾಯಿತು. ಭಟ್ಟರು ಮಂತ್ರ ಹೇಳಿ, ನೀರು ಬಿಡಿ ಎಂದು ಸನ್ನೆ ಮಾಡಿದರು.

ಜಯಲತಾ ಅಮ್ಮ ಗಿಂಡಿ ಎತ್ತಿದರು. ನೀರು ಬರಲಿಲ್ಲ.

"ಬಿಡು" ಎಂದರು ರಾಯರು ಮೆಲ್ಲಗೆ.

"ಒಂದು ನಿಮಿಷ" ಎಂದು ಜಯಲತಾ ಅಮ್ಮ ಸಂದೇಶನ ಕಡೆ ತಿರುಗಿದರು. ಮೈಕ್ ಹತ್ತಿರವೇ ಇತ್ತು, ಮಾತು ಕೊನೆಯ ಸಾಲಿನವರೆಗೂ ಕೇಳಿಸಿತು. "ನೋಡಿ, ನಾನು ಈ ನೀರು ಬಿಟ್ಟ ಮೇಲೆ ಆ ಮನೆ ನಿಮ್ಮದಾಗ್ತದೆ. ನಾವು ಸಾಯುವವರೆಗೆ ಅಲ್ಲಿಯೇ ಇರ್ಬಹುದು ಅಂತ ಆ ಪತ್ರದಲ್ಲಿ ಬರೆದುಂಟಾ?"

ಸಂದೇಶ ನಗುವ ಪ್ರಯತ್ನ ಮಾಡಿದ. "ಅಮ್ಮ, ನಾವು ಮಾತು ಕೊಟ್ಟಿದ್ದೇವಲ್ಲ. ಯು ಆರ್ ಫ್ಯಾಮಿಲಿ."

"ಬರೆದುಂಟಾ ಅಂತ ಕೇಳಿದ್ದು."

ಸಂದೇಶ ಮುಂದುವರಿಸಿ ಎಂದು ಭಟ್ಟರಿಗೆ ಸನ್ನೆ ಮಾಡಿದ. ದಾನೇಶ್ವರಿ ನೆಲ ನೋಡುತ್ತಿದ್ದಳು. ಸುಮ್ಮನೆ ಕೂತರೆ ತನ್ನ ಕುರ್ಚಿ ಉಳಿಯುತ್ತದೆ ಎಂದು ಜ್ಯೋತ್ಸ್ನಾಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಎದ್ದು ನಿಂತಳು.

"ಬರೆದಿಲ್ಲ ಅಮ್ಮ. ಬರೆಯಿರಿ ಅಂತ ನಾನು ಹೇಳಿದ್ದೆ, ಇವರು ಒಪ್ಪಲಿಲ್ಲ."

ಸಭಾಂಗಣದಲ್ಲಿ ಗುಜುಗುಜು ಎದ್ದಿತು. ಒಬ್ಬ ಟ್ರಸ್ಟಿ ಸಂದೇಶನ ಕಿವಿಯಲ್ಲಿ ಏನೋ ಕೇಳಿದರು, ಅವನು ತಲೆಯಾಡಿಸಿದ. ರಾಯರ ಮುಖ ಕೆಂಪೇರಿತ್ತು. "ನಾಲ್ಕು ಜನರ ಮುಂದೆ ನನ್ನ ಮಾನ ತೆಗೀತೀಯಾ?" ಎಂದರು ಹೆಂಡತಿಗೆ.

"ಮಾನ ತೆಗೆಯುದಲ್ಲ. ಕಲ್ಯಾಣದ ಅಂಗಡಿ ನೀವು ಬೆವರು ಹರಿಸಿ ಮಾಡಿದ್ದು. ಅದಕ್ಕೆ ಸಂತೋಷದಲ್ಲಿ ನೀರು ಬಿಡ್ತೇನೆ, ಮಕ್ಕಳು ಓದ್ಲಿ. ಮನೆಗೆ ಬಿಡುದಿಲ್ಲ. ಭಟ್ರೇ, ಅಂಗಡಿ ಒಂದೇ ಅಂತ ಸಂಕಲ್ಪ ಹೇಳಿ."

ಭಟ್ಟರು ರಾಯರನ್ನು ನೋಡಿದರು. ರಾಯರು ಹೆಂಡತಿಯನ್ನು ನೋಡಿದರು. ಚಾಚಿದ ಕೈಯನ್ನು ಅವರು ಹಿಂದೆ ತೆಗೆದುಕೊಳ್ಳಲಿಲ್ಲ. ಭಟ್ಟರು ಮತ್ತೆ ಮೊದಲಿನಿಂದ ಸಂಕಲ್ಪ ಹೇಳಿದರು, ಅಂಗಡಿಯೊಂದಕ್ಕೆ ಮಾತ್ರ. ಜಯಲತಾ ಅಮ್ಮ ಗಿಂಡಿ ಬಗ್ಗಿಸಿದರು, ನೀರು ರಾಯರ ಕೈಯಿಂದ ಸಂದೇಶನ ಕೈಗೆ ಇಳಿದು ಅವನ ಜರಿ ಶಲ್ಯವನ್ನು ಒದ್ದೆ ಮಾಡಿತು. ಜ್ಯೋತ್ಸ್ನಾಳಿಗೆ ಎದ್ದು ಚಪ್ಪಾಳೆ ಹೊಡೆಯಬೇಕು ಎನಿಸಿತು, ಹೊಡೆದೂಬಿಟ್ಟಳು.

ಸಂಜೆಯೇ ಸಂದೇಶ ಕರೆಸಿದ. ರಾಜೀನಾಮೆ ಬರೆದುಕೊಡಿ, ಮರ್ಯಾದೆಯಿಂದ ಕಳಿಸಿಕೊಡುತ್ತೇವೆ ಎಂದ.

"ನಾನು ಬರೆಯುವುದಿಲ್ಲ ಸರ್. ನೀವೇ ತೆಗೆದುಹಾಕಿ. ಕಾರಣ ಮಾತ್ರ ಕಾಗದದಲ್ಲಿ ಬರೆದು ಕೊಡಿ. ಆ ಕಾಗದವನ್ನು ನಾನು ನಮ್ಮ ಎಲ್ಲ ದಾನಿಗಳಿಗೂ ಒಬ್ಬೊಬ್ಬರ ಮನೆಗೆ ಹೋಗಿ ತೋರಿಸ್ತೇನೆ. ಇಪ್ಪತ್ತಮೂರು ವರ್ಷದಿಂದ ನನಗೆ ಅವರೆಲ್ಲರ ವಿಳಾಸ ಗೊತ್ತುಂಟು."

ಕಾಗದ ಬರಲಿಲ್ಲ. ಏಪ್ರಿಲ್‌ನಲ್ಲಿ ಅವಳ ಕ್ಯಾಬಿನ್ನಿನ ಎಸಿ ಕೆಟ್ಟಿತು, ರಿಪೇರಿಗೆ ಯಾರೂ ಬರಲಿಲ್ಲ. ಅವಳು ಕಿಟಕಿ ತೆರೆದು ಕೆಲಸ ಮಾಡಿದಳು. ಮೀಟಿಂಗುಗಳಿಗೆ ಕರೆ ನಿಂತಿತು. ಕರೆಯದೆಯೇ ಹೋಗಿ ಕೂತಳು. ಟ್ರಸ್ಟಿಗಳಿಗೆ ನಾಲ್ಕು ಸಾಲಿನ ಮನವಿ ಕೊಟ್ಟಳು: ದಾನಿ ವಾಸವಿರುವ ಮನೆಯನ್ನು ಪಡೆಯುವುದಿದ್ದರೆ ವಾಸದ ಹಕ್ಕು ದಾನಪತ್ರದೊಳಗೇ ಇರಬೇಕು, ಗಂಡ ಹೆಂಡತಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿರಬೇಕು. ಟ್ರಸ್ಟಿಗಳು ಅದನ್ನು ಮುಂದಿನ ಸಭೆಗೆ ಹಾಕಿದರು. ಮುಂದಿನ ಸಭೆ ಅದನ್ನು ಅದರ ಮುಂದಿನದಕ್ಕೆ ಹಾಕಿತು. ಪ್ರತಿ ಸಲವೂ ಅವಳು ಹೊಸ ತಾರೀಕು ಹಾಕಿ ಅದನ್ನೇ ಮತ್ತೆ ಕೊಟ್ಟಳು.

ರಾಯರು ಎರಡು ತಿಂಗಳು ಅವಳ ಫೋನು ಎತ್ತಲಿಲ್ಲ. ಆಮೇಲೆ ಒಂದು ದಿನ ಜಯಲತಾ ಅಮ್ಮನೇ ಕರೆದರು. ಹೋದಾಗ ರಾಯರು ಬಾಗಿಲು ತೆರೆದು, ಮುಖ ಗಂಟಿಕ್ಕಿಕೊಂಡೇ, "ಮನೆ ಇವಳ ಹೆಸರಿಗೆ ಮಾಡಿ ಆಯ್ತು. ಮೊನ್ನೆ ರಿಜಿಸ್ಟರ್ ಕೂಡ ಆಯ್ತು. ಕೊಡ್ತೇನೆ ಅಂತ ಹೇಳಿದ ಮೇಲೆ ನನ್ನತ್ರ ಇಟ್ಟುಕೊಳ್ಳಿಕ್ಕೆ ಆಗುದಿಲ್ಲ ನೋಡಿ. ಯಾರಿಗಾದ್ರೂ ಕೊಡ್ಲೇಬೇಕಿತ್ತು" ಎಂದರು. ಅಷ್ಟು ಹೇಳಿ ಕಾಫಿ ಮಾಡಲು ತಾವೇ ಒಳಗೆ ಹೋದರು.

ಜಯಲತಾ ಅಮ್ಮ ಹಾಲಿನ ಸೋಫಾದಲ್ಲಿ, ರಾಯರು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಕೂತಿದ್ದರು. "ಬಾ. ಕೂತ್ಕೋ. ಈಗ ಕೇಳು" ಎಂದರು.

"ಎಂತ ಅಮ್ಮ?"

"ನಿನ್ನ ಕೆಲಸ ಎಂತದು? ಕೇಳುವುದಲ್ವಾ? ಇವರತ್ರ ಒಂದೂವರೆ ವರ್ಷ ಕೇಳಿದಿ. ಈಗ ಮನೆ ನನ್ನದು. ನನ್ನತ್ರ ಕೇಳು."

ಜ್ಯೋತ್ಸ್ನಾ ಸೀರೆಯ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಲ್ಯಾಬೊರೇಟರಿ ಕಟ್ಟಿಸಿಕೊಟ್ಟ ಮಾಲೀಕನ ಮುಂದೆಯೂ ಅವಳು ಇಷ್ಟು ಗಂಭೀರವಾಗಿ ಕೂತಿರಲಿಲ್ಲ. ಮನೆಯ ದಾನ ಎಂದರೆ ಏನು, ವಿಲ್ ಎಂದರೆ ಏನು, ಬರೆದ ವಿಲ್ಲನ್ನು ಯಾವಾಗ ಬೇಕಾದರೂ ಬದಲಿಸಬಹುದು, ಹರಿದು ಬಿಸಾಡಲೂಬಹುದು, ಎಲ್ಲವನ್ನೂ ಹೇಳಿದಳು. ಕೊನೆಗೆ ಸ್ಪಷ್ಟವಾಗಿ ಕೇಳಿದಳು: "ಅಮ್ಮ, ನಿಮ್ಮಿಬ್ಬರ ಕಾಲಾನಂತರ ಈ ಮನೆಯನ್ನು ವಿಶ್ವವಿದ್ಯಾಲಯಕ್ಕೆ ಕೊಡ್ತೀರಾ?"

"ಇಲ್ಲ" ಎಂದರು ಜಯಲತಾ ಅಮ್ಮ.

ಹೇಳಿದ ಮೇಲೆ ಅವರ ಮುಖದಲ್ಲಿ ಒಂದು ನಗೆ ಮೂಡಿತು. ಎಪ್ಪತ್ತೆರಡು ವರ್ಷದ ಹೆಂಗಸು ಸೋಫಾದಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮುಂದೆ ಕೊಟ್ಟರೂ ಕೊಟ್ಟೇನು ಮಾರಾಯ್ತಿ. ಹುಡುಗಿಯರು ಓದುವುದಕ್ಕೆ ಅಂತಾದ್ರೆ ನೋಡುವ. ಆದ್ರೆ ಇವತ್ತು ಇಲ್ಲ ಅಂತ ಹೇಳ್ಬೇಕು ಅಂತ ಆಸೆ ಆಯ್ತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರ್ಲಿಲ್ಲ."

ಜ್ಯೋತ್ಸ್ನಾ ಬ್ಯಾಗಿನಿಂದ ಭೇಟಿಯ ವರದಿಯ ಫಾರಂ ತೆಗೆದು, ಅವರ ಎದುರೇ ತುಂಬಿದಳು. ದಾನಿಯ ಹೆಸರು: ಜಯಲತಾ. ಕೇಳಿದ್ದು: ಮನೆ. ಉತ್ತರ: ಇಲ್ಲ. ಫಾರಮ್ಮಿನ ಕೆಳಗೆ ಮುಖ್ಯಸ್ಥೆಯ ಸಹಿಗೆ ಜಾಗವಿತ್ತು. ಅಲ್ಲಿ ತನ್ನ ಪೂರ್ತಿ ಹೆಸರನ್ನು ದೊಡ್ಡದಾಗಿ ಬರೆದು, ಸಂದೇಶನಿಗೆ ನಾಳೆ ಬೆಳಿಗ್ಗೆ ತಾನೇ ಕೈಯಾರೆ ಕೊಡುತ್ತೇನೆಂದು ಫೈಲಿನಲ್ಲಿ ಇಟ್ಟುಕೊಂಡಳು.